ಸಾಗರಕ್ಕೆ ಬಂದ ಗಂಡು ಸೂಲಗಿತ್ತಿ

ಅಳಿಯ ಬಂದಮೇಲೆ ನಮ್ಮನೆಯಲ್ಲಿ ಒಂದು ವಾರವೂ ಸುಮ್ಮನೆ ಕಳೆದದ್ದಿಲ್ಲ. ಏನಾದರೊಂದು ಆಗುತ್ತದೆ. ಆಮೇಲೆ ಅದನ್ನು ತೀರ್ಥಹಳ್ಳಿಯ ತಂಗಿಗೆ ಫೋನಿನಲ್ಲಿ ಹೇಳಿ ನಾನು ನಗುತ್ತೇನೆ, ಕೇಳಿ ಅವಳು ನಗುತ್ತಾಳೆ.

ಮಗಳು ಕಪ್ಪೆಗಳ ಬಗ್ಗೆ ಓದಲು ಫಿನ್ಲೆಂಡಿಗೆ ಹೋದವಳು ಅಲ್ಲಿಯವನನ್ನೇ ಮದುವೆಯಾದಳು. ಮುಂದೆ ನಿಟ್ಟೂರು ಕಡೆಯ ಕಾಡಿನಲ್ಲಿ ಕಪ್ಪೆಗಳ ಕೆಲಸವೇ ಸಿಕ್ಕಿತೆಂದು ವಾಪಸು ಬಂದಳು. ಬರುವಾಗ ಐದು ತಿಂಗಳ ಬಸುರಿ. ಜೊತೆಗೆ ಅಳಿಯನೂ ಕೆಲಸ ಬಿಟ್ಟು, ಅಪ್ಪ-ಅಮ್ಮನನ್ನು ಬಿಟ್ಟು, ಸಾಗರದ ನಮ್ಮ ಮನೆಗೆ ಬಂದಿಳಿದ. ಗಂಡನ ಮನೆಗೆ ಹೋಗುವ ಹುಡುಗಿಯರ ಕಷ್ಟ ನನಗೆ ಗೊತ್ತಿತ್ತು. ಹೆಂಡತಿಯ ಮನೆಗೆ ಬಂದ ಹುಡುಗನ ಕಷ್ಟವನ್ನು ಕಣ್ಣಾರೆ ಕಂಡದ್ದು ಆಗಲೇ.

ಎಂತ ಕೆಲಸ?

ಬಂದ ಮಾರನೆಯ ದಿನವೇ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದರು.

"ಅಳಿಯ ಬಂದ್ರಂತೆ? ಅಲ್ಲಿ ಎಂತ ಕೆಲ್ಸದಲ್ಲಿದ್ರು?"

"ಆಸ್ಪತ್ರೆಯಲ್ಲಿದ್ದ."

"ಡಾಕ್ಟ್ರಾ?"

"ಅಲ್ಲ. ಹೆರಿಗೆ ಮಾಡಿಸ್ತಿದ್ದ."

"ಮತ್ತೆ? ಹೆರಿಗೆ ಡಾಕ್ಟ್ರೇ ಆಯ್ತಲ್ಲ!"

"ಡಾಕ್ಟ್ರಲ್ಲ. ಅದೇ ನಮ್ಮಲ್ಲಿ..." ಎಂದವಳು ಅಲ್ಲೇ ನಿಂತೆ.

ಹೊಸನಗರದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಕನ್ನಡ ಪಾಠ ಮಾಡಿದವಳು ನಾನು. ಒಡತಿಗೆ ಒಡೆಯ, ಒಕ್ಕಲಗಿತ್ತಿಗೆ ಒಕ್ಕಲಿಗ ಎಂದು ಮಕ್ಕಳ ಬಾಯಲ್ಲಿ ಉರು ಹೊಡೆಸಿದ್ದೇನೆ. ಸೂಲಗಿತ್ತಿಗೆ ಪುಲ್ಲಿಂಗ ಏನೆಂದು ಯಾವ ಮಗುವೂ ಕೇಳಿರಲಿಲ್ಲ, ಪುಣ್ಯ. ಕೊನೆಗೆ, "ಗಂಡು ಸೂಲಗಿತ್ತಿ" ಎಂದೆ.

ಆಕೆ ನನ್ನ ಕೈ ಹಿಡಿದು ಸಮಾಧಾನ ಹೇಳಿದರು: "ಇರ್ಲಿ ಬಿಡಿ ಟೀಚರೇ. ಕುಡಿಯೋದಿಲ್ಲ ತಾನೇ?"

ಅದು, ಇದು

ಅಳಿಯ ಕನ್ನಡ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ. ಹಾಗಾಗಿ ಅವನ ಬಾಯಿಗೆ ಬಂದದ್ದು ಪುಸ್ತಕದ ಕನ್ನಡವಲ್ಲ, ನಮ್ಮ ಮನೆಮಾತು. ನಾನು ಎನ್ನಲು 'ಆನು', ನನ್ನನ್ನು ಎನ್ನಲು 'ಎನ್ನ', ಹೆಂಗಸರನ್ನು 'ಅದು ಬಂತು', 'ಅದು ಹೋತು' ಎನ್ನುವ ಮಾತು ನಮ್ಮದು. ಬೇರೆಯವರು ಕೇಳಿದರೆ ಹುಬ್ಬೇರಿಸುತ್ತಾರೆ. ಅಳಿಯನಿಗೆ ಮಾತ್ರ ಬಹಳ ಖುಷಿ. ಅವರ ಊರಿನಲ್ಲೂ ಆಡುಮಾತಿನಲ್ಲಿ ಹೆಣ್ಣು ಗಂಡು ಎನ್ನದೆ ಎಲ್ಲರೂ 'ಅದು'ವೇ ಅಂತೆ.

ಒಂದು ಬೆಳಿಗ್ಗೆ ಮಗಳಿಗೆ ಮಾತ್ರೆ ತರಲು ತಾನೊಬ್ಬನೇ ಹೊರಟ. ಔಷಧಿ ಅಂಗಡಿಯವರು ಬಯಲುಸೀಮೆ ಕಡೆಯಿಂದ ಹೊಸದಾಗಿ ಬಂದವರು. ಇವನು ಹೋಗಿ, "ಅದಕ್ಕೆ ಏಳು ತಿಂಗಳು ಆತು. ಅದಕ್ಕೆ ಕ್ಯಾಲ್ಸಿಯಂ ಬೇಕು" ಎಂದಿದ್ದಾನೆ. ಅವರು, "ದನದ್ದು ನಮ್ಮಲ್ಲಿ ಸಿಗಲ್ಲ ಸರ್" ಎಂದು ಬಹಳ ಮರ್ಯಾದೆಯಿಂದ ದನದ ಆಸ್ಪತ್ರೆಯ ದಾರಿ ತೋರಿಸಿದ್ದಾರೆ. 'ಆಸ್ಪತ್ರೆ' ಎಂಬ ಒಂದು ಪದ ಅರ್ಥವಾಗಿ ಇವನು ಅಲ್ಲಿಗೂ ಹೋಗಿದ್ದಾನೆ.

"ಮೊದಲ್ನೇದಾ?" ಎಂದು ಕೇಳಿದರಂತೆ ಅಲ್ಲಿನ ಡಾಕ್ಟರು.

"ಹೌದು, ಮೊದಲ್ನೇದು."

"ತಿಂತಾ ಇದ್ಯಾ?"

"ಚೊಲೋ ತಿಂತು. ರಾತ್ರಿ ಎದ್ದೂ ತಿಂತು."

"ಲೋಕಲ್ಲಾ? ಹೊರಗಿಂದ ತಂದಿದ್ದಾ?"

ಅಳಿಯ ಎದೆಯುಬ್ಬಿಸಿ ಹೇಳಿದನಂತೆ: "ಅದು ಲೋಕಲ್. ಹೊರಗಿಂದ ತಂದಿದ್ದು ಎನ್ನ!"

ಬಚ್ಚಲಲ್ಲಿ

ನಮ್ಮನೆಯವರು ಮೊದಲಿನಿಂದಲೂ ಮಿತಭಾಷಿ. ಅಳಿಯ ಅವರಿಗಿಂತ ಮಿತಭಾಷಿ. ಇಬ್ಬರೂ ಎದುರುಬದುರು ಕೂತರೆ ಗಡಿಯಾರದ ಟಿಕ್‌ಟಿಕ್ ಕೇಳುತ್ತಿತ್ತು. "ಅಪ್ಪಂಗೆ ಅವನ ಕಂಡ್ರೆ ಆಗ್ತಿಲ್ಲೆ" ಎಂದು ಮಗಳು ಎರಡು ಸಲ ಕಣ್ಣೀರು ಹಾಕಿದಳು. ನಾನು ಕೇಳಿದರೆ ಅವರು, "ಎಂತ ಮಾತಾಡದು?" ಎಂದು ಪೇಪರು ಬಿಡಿಸುತ್ತಿದ್ದರು.

ಈ ನಡುವೆ ಅಳಿಯ ಮಂಕಾದ. ಸಂಜೆ ಅವನ ಅಮ್ಮನ ಫೋನು ಬಂದು ಹೋದಮೇಲೆ ಹಿತ್ತಿಲಿನಲ್ಲಿ ಒಬ್ಬನೇ ನಿಂತಿರುತ್ತಿದ್ದ. ಒಂದು ದಿನ ಬಚ್ಚಲಿಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ಬಡಿದೆ. ಸಂದಿಯಿಂದ ಹೊಗೆಯಂಥದು ಬರುತ್ತಿತ್ತು. ಕೂಗಿದೆ. ನಮ್ಮನೆಯವರು ಓಡಿ ಬಂದು ಬಾಗಿಲು ದೂಡಿ ಒಳಗೆ ಹೋದರು.

ಹೋದವರು ಅವರೂ ಬರಲಿಲ್ಲ!

ಬಹಳ ಹೊತ್ತಿನ ಮೇಲೆ ಮಾವ-ಅಳಿಯ ಇಬ್ಬರೂ ಟವೆಲು ಸುತ್ತಿಕೊಂಡು, ಬೆಂದ ಗೆಣಸಿನ ಹಾಗೆ ಕೆಂಪಗಾಗಿ ಹೊರಬಂದರು. ಹಂಡೆಯ ಒಲೆಯಲ್ಲಿ ಕಲ್ಲು ಕಾಯಿಸಿ, ಅದರ ಮೇಲೆ ನೀರು ಹೊಯ್ದು, ಆ ಹಬೆಯಲ್ಲಿ ಸುಮ್ಮನೆ ಕೂರುವುದು ಅವರ ದೇಶದ ಪದ್ಧತಿಯಂತೆ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಇಬ್ಬರೂ ಬಚ್ಚಲು ಸೇರತೊಡಗಿದರು. ಅಳಿಯನ ಮುಖಕ್ಕೂ ಕಳೆ ಬಂತು.

"ಒಳಗೆ ಅಷ್ಟು ಹೊತ್ತು ಎಂತ ಮಾತಾಡ್ತಿ?" ಎಂದು ನಮ್ಮನೆಯವರನ್ನು ಕೇಳಿದೆ.

"ಎಂತೂ ಇಲ್ಲೆ," ಎಂದರು. "ಬಹಳ ಒಳ್ಳೆ ಮನುಷ್ಯ."

ಹೊಲಿಗೆ

ಮಗಳಿಗೆ ನೋವು ಕಾಣಿಸಿಕೊಂಡದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಗಂಡಸ್ರು ಹೊರಗೆ" ಎಂದುಬಿಟ್ಟರು. ಅಲ್ಲಿ ಅದೇ ನಿಯಮ. ಎಷ್ಟೋ ತಾಯಂದಿರ ಹೆರಿಗೆ ಮಾಡಿಸಿದವನು ತನ್ನ ಮಗು ಹುಟ್ಟುವ ಹೊತ್ತಿಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ. ಒಳಗಿನಿಂದ ಮಗಳ ಕೂಗು ಕೇಳಿತು: "ಅವನ್ನ ಒಳಗೆ ಬಿಡಿ, ಇಲ್ಲಾಂದ್ರೆ ನಾನೇ ಹೊರಗೆ ಬರ್ತೀನಿ!"

ಡಾಕ್ಟರಮ್ಮ ಸೋತರು. ಅಳಿಯ ಒಳಗೆ ಹೋದ.

ಕೊನೆಗೆ ಮಗು ಅತ್ತದ್ದು ಕೇಳಿಸಿತು. ಬೆನ್ನಿಗೇ 'ಧಡ್' ಎಂದು ಶಬ್ದ. ನರ್ಸು ಬಾಗಿಲು ತೆರೆದು ನಗು ತಡೆಯುತ್ತ ಹೇಳಿದಳು: "ಹೆಣ್ಣು ಮಗು ಅಮ್ಮಾ. ತಾಯಿ, ಮಗು ಇಬ್ರೂ ಆರಾಮಿದ್ದಾರೆ. ಅಪ್ಪಂಗೆ ಮೂರು ಹೊಲಿಗೆ."

ಬಗ್ಗಿ ನಿಂತಿದ್ದ ಆ ಉದ್ದನೆಯ ಆಸಾಮಿ, ಮಗುವಿನ ಮುಖ ಕಂಡ ಖುಷಿಗೆ ನೆಟ್ಟಗೆ ಎದ್ದು, ಮೇಲಿನ ದೊಡ್ಡ ದೀಪಕ್ಕೆ ತಲೆ ಬಡಿದುಕೊಂಡಿದ್ದ.

ಮಾರನೆಯ ಬೆಳಿಗ್ಗೆ ಮಗಳು ಮಗುವಿನ ತೂಕ ನೋಡಿಸಲು ಪಕ್ಕದ ಕೋಣೆಗೆ ಹೋಗಿದ್ದಳು. ಅಳಿಯ ಅವಳ ಮಂಚದಲ್ಲೇ, ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು, ಕತ್ತಿನವರೆಗೂ ಕಂಬಳಿ ಹೊದ್ದು, ಗೋಡೆ ಕಡೆ ತಿರುಗಿ ನಿದ್ದೆ ಹೋಗಿದ್ದ. ಆ ಹೊತ್ತಿಗೇ ತುಮರಿಯಿಂದ ನಮ್ಮ ದೊಡ್ಡಮ್ಮ ಬಂದಳು. ಹಿನ್ನೀರು ದಾಟಲು ಸೇತುವೆ ಆದಮೇಲೆ ಎಲ್ಲಿ ಯಾರು ಹೆತ್ತರೂ ಮೊದಲು ಹಾಜರಾಗುವವಳು ಅವಳೇ. ವಯಸ್ಸಾಗಿದೆ, ಕಣ್ಣು ಮಂಜು. ನಾನು ಕಾಫಿ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಮಂಚದ ತುದಿಯಲ್ಲಿ ಕೂತು ಕಂಬಳಿಯೊಳಗೆ ಕೈ ಹಾಕಿದ್ದಳು.

"ಪಾಪ, ಕಾಲು ಎಷ್ಟು ಊದಿದ್ದೇ!" ಎಂದು ಅಂಗಾಲು ಸವರಿದಳು. ಆಮೇಲೆ ಮೆಲ್ಲಗೆ ಕೆನ್ನೆ ಮುಟ್ಟಿದವಳು ಬೆಚ್ಚಿಬಿದ್ದಳು. "ಅಯ್ಯೋ ದೇವರೇ, ಬಾಣಂತಿಗೆ ಗಡ್ಡ ಬಂದಿದ್ದಲೇ!"

ಅಳಿಯ ಗಡಬಡಿಸಿ ಎದ್ದು ಕೂತು ಕೈ ಮುಗಿದ. "ದೊಡ್ಡಮ್ಮ, ಆನು ಅಮ್ಮ ಅಲ್ಲ. ಅಪ್ಪ."

ದೊಡ್ಡಮ್ಮ ಅವನ ತಲೆಯ ಪಟ್ಟಿಯನ್ನೊಮ್ಮೆ ತಡವಿ ನೋಡಿದಳು. ಹೆಗಲು ಹಿಡಿದು ಮತ್ತೆ ಮಲಗಿಸಿದಳು. ಕಂಬಳಿಯನ್ನು ಕಿವಿ ಮುಚ್ಚುವವರೆಗೂ ಎಳೆದಳು.

"ಯಾರಾದ್ರೆಂತು, ಹಸಿ ಮೈ," ಎಂದಳು. "ತಲೆಗೆ ಗಾಳಿ ತಾಗ್ಸಡ. ಸುಮ್ಮನೆ ಮಲಗು."