ಲಂಗಾಟಾದ ಕಂಬಿಯ ಹಿಂದೆ ನಮ್ಮ ಕೋವಿ

...ಆ ಹೂವು ತಂತಿಬೇಲಿಯ ಮೇಲೇ ಇತ್ತು ಎಂದು ಈವರೆಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಧೈರ್ಯ ಸಾಲುತ್ತಿಲ್ಲ. ಅದನ್ನು ತನ್ನ ಅಪ್ಪ ಕೊಡಗಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದರು ಎನ್ನುತ್ತಾಳೆ ಹೆಂಡತಿ ಪೊನ್ನಮ್ಮ. "ಇಟ್ ವಾಸ್ ಪ್ಲಾಸ್ಟಿಕ್, ಅಪ್ಪಾ," ಎನ್ನುತ್ತಾಳೆ ಮಗಳು. ಮೂವರೂ ಒಂದೇ ಅಂಗಡಿಯಲ್ಲಿ, ಒಂದೇ ಕೋವಿಯ ಮುಂದೆ ನಿಂತಿದ್ದವರು. ನನ್ನ ನೆನಪು ನಡೆದದ್ದನ್ನೆಲ್ಲ ಇಸ್ತ್ರಿ ಮಾಡಿ ಮಡಿಸಿಡುತ್ತದೆ. ಬಿಚ್ಚಿ ನೋಡಿದರೆ ಬೇರೆ ಯಾರದೋ ಅಂಗಿ. ಆದ್ದರಿಂದ ಹೂವು ಸದ್ಯಕ್ಕೆ ಅತ್ತ ಇರಲಿ. ಕೋವಿಯಂತೂ ನಿಜ. ಅದರ ಬಾಡಿಗೆ ಇನ್ನೂ ಕಟ್ಟುತ್ತಿದ್ದೇನೆ.

ನಾನು ಮೈಸೂರಿನವನು. ನಮ್ಮ ಮನೆಯ ಆಯುಧಪೂಜೆಯಲ್ಲಿ ಅತ್ಯಂತ ಭಯಂಕರ ಆಯುಧವೆಂದರೆ ಈಳಿಗೆಮಣೆ. ಪೊನ್ನಮ್ಮ ಕೊಡಗಿನವಳು. ಅವರಲ್ಲಿ ಕೈಲ್‌ಮುಹೂರ್ತದ ದಿನ ಕೋವಿಯನ್ನು ದೀಪದ ಮುಂದಿಟ್ಟು, ಗಂಧ ಹಚ್ಚಿ, ನಳಿಗೆಯ ತುದಿಗೆ ತೋಕ್‌ಪೂ ಎಂಬ ಕೆಂಪು-ಹಳದಿ ಹೂ ಸಿಕ್ಕಿಸಿ ಕೈಮುಗಿಯುತ್ತಾರೆ. ಬ್ಯಾಂಕಿನವರು ನನ್ನನ್ನು ನೈರೋಬಿಗೆ ಕಳಿಸಿದ ಮೇಲೆ, ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನಲ್ಲಿ ಅವಳು ಪ್ರತಿ ವರ್ಷ ಪೂಜಿಸುತ್ತಿದ್ದದ್ದು ಮಗಳ ಹಸಿರು ನೀರಿನ ಪಿಸ್ತೂಲನ್ನು. ವಿಡಿಯೊ ಕಾಲಿನಲ್ಲಿ ಅದನ್ನು ನೋಡಿ ಮಾವ ಏನೂ ಅನ್ನುತ್ತಿರಲಿಲ್ಲ. ಆ ಏನೂ ಅನ್ನದಿರುವುದೇ ಅವಳನ್ನು ಚುಚ್ಚುತ್ತಿತ್ತು. ಈಗ ಅವರೇ ಹಬ್ಬಕ್ಕೆ ಬರುವವರಿದ್ದರು.

"ಅಪ್ಪನ ಎದುರಿಗೆ ನಾನು ಆಟದ ಸಾಮಾನಿಗೆ ಗಂಧ ಹಚ್ಚಲ್ಲ ರೀ," ಎಂದಳು. "ಒಂದೇ ಒಂದು ಸಲ ನಿಜವಾದ ಕೋವಿ ಇರ್ಬೇಕು. ಆಮೇಲೆ ಬೇಕಾದ್ರೆ ಮಾರ್ಕೊಳ್ಳಿ."

ಹುಡುಕಿದೆ. ಹಳೆಯ ಕಾಲದ ಮಾದರಿಯಲ್ಲಿ ಹೊಸದಾಗಿ ಮಾಡಿದ ಕೇಪಿನ ಕೋವಿಯೊಂದು ಹೊರದೇಶದ ಅಂಗಡಿಯಲ್ಲಿ ಸಿಕ್ಕಿತು. ಪ್ರೆಶರ್ ಕುಕ್ಕರ್ ತರಿಸುವವನಂತೆ ಮನೆಯ ವಿಳಾಸ ಬರೆದು, ಕಾಲಿಂಗ್ ಬೆಲ್ ಕೆಟ್ಟಿದೆ, ದಯವಿಟ್ಟು ಬಾಗಿಲು ತಟ್ಟಿ ಎಂದೂ ಸೇರಿಸಿದೆ. ಬಹಳ ವಿನಯದ ಉತ್ತರ ಬಂತು: ಕೋವಿ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಅದು ಪರವಾನಗಿ ಇರುವ ವ್ಯಾಪಾರಿಯ ಕೈಯಿಂದ ಪರವಾನಗಿ ಇರುವ ವ್ಯಾಪಾರಿಯ ಕೈಗೆ ಮಾತ್ರ ಹೋಗುತ್ತದೆ. ಹೊರಡುವ ಮೊದಲು ಅಲ್ಲಿಯವರು ಒಪ್ಪಬೇಕು, ಇಳಿಯುವ ಮೊದಲು ಇಲ್ಲಿಯವರು ಒಪ್ಪಬೇಕು. ನಾನು ಬೆರಗಾದೆ. ಹೆಣ್ಣು ಕೇಳಲು ಹೋದಾಗಲೂ ಇಷ್ಟು ಹಿರಿಯರ ಒಪ್ಪಿಗೆ ಬೇಕಾಗುವುದಿಲ್ಲ. ಪೊನ್ನಮ್ಮನನ್ನು ಮದುವೆಯಾಗುವಾಗಲಂತೂ ನಾನು ಯಾರನ್ನೂ ಕೇಳಿರಲಿಲ್ಲ. ಮಾವ ಏನೂ ಅನ್ನದಿರುವುದಕ್ಕೆ ಬಹುಶಃ ಅದೂ ಒಂದು ಕಾರಣ.

ನೈರೋಬಿಯ ಅಂಚಿನ ಲಂಗಾಟಾದಲ್ಲಿ ಅಂಥ ಪರವಾನಗಿ ಇರುವ ವ್ಯಾಪಾರಿ ಮಾಮಾ ವಂಜಿರು ಸಿಕ್ಕರು. ಇಲ್ಲಿ ಮಾಮಾ ಎಂದರೆ ಸೋದರಮಾವನಲ್ಲ, ತಾಯಿಯಂಥವರು. ಈ ತಾಯಿ ದಪ್ಪ ಕಂಬಿಗಳ ಹಿಂದೆ, ಬಂದೂಕುಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದರು.

"ಬೇಟೆಗಾ, ಬ್ವಾನಾ?"

"ಅಲ್ಲ."

"ಕಳ್ಳರ ಭಯಾನಾ?"

"ಅಲ್ಲ ಮಾಮಾ. ಹೂ ಮುಡಿಸೋದಕ್ಕೆ."

ಕಪ್ ಕೆಳಗಿಟ್ಟರು. "ಕೋವಿಗೆ?"

"ಗಂಧಾನೂ ಹಚ್ತೀವಿ."

"ಆಮೇಲೆ ಹೊಡೆಯೋದು ಯಾರಿಗೆ?"

"ಯಾರಿಗೂ ಇಲ್ಲ."

ಈ ಮನುಷ್ಯನಿಗೆ ಕೋವಿ ಕೊಡುವುದಿರಲಿ, ಬಿಸಿ ಚಹಾ ಕೊಡಬಹುದೇ ಎಂದು ಅಳೆಯುವಂತೆ ನೋಡಿ, "ಸವಾ," ಎಂದರು, ಆಯಿತು ಎಂಬಂತೆ. "ಹೊಡೆಯೋರಿಗೂ ಹೂ ಮುಡಿಸೋರಿಗೂ ನನ್ನ ಫೀಸು ಒಂದೇ." ತರಿಸಿಕೊಳ್ಳುವುದಕ್ಕೆ ಒಂದು ಫೀಸು, ನನ್ನ ಹೆಸರಿಗೆ ಬದಲಾಯಿಸುವುದಕ್ಕೆ ಇನ್ನೊಂದು, ಅಲ್ಲಿಯವರೆಗೆ ಇಟ್ಟುಕೊಳ್ಳುವುದಕ್ಕೆ ತಿಂಗಳ ಬಾಡಿಗೆ. ಇವುಗಳ ಪಕ್ಕದಲ್ಲಿ ಕೋವಿಯ ಬೆಲೆ ಬಡ ಸಂಬಂಧಿಯಂತೆ ಕಾಣುತ್ತಿತ್ತು.

ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಇಳಿದ ಕೋವಿ ತಪಾಸಣೆ ಮುಗಿಸಿ ಮಾಮಾರ ಅಂಗಡಿ ಸೇರಿತು. ಅಲ್ಲೇ ಇಳಿದ ಮಾವ ನಮ್ಮ ಮನೆ ಸೇರಿದರು. ಅವರಿಗೆ ಅಷ್ಟು ಕಾಗದ ಬೇಕಾಗಲಿಲ್ಲ. ನಾನು ಅರ್ಜಿ ಹಾಕಿದ್ದ ಪರವಾನಗಿ ಮಾತ್ರ ಬರಲಿಲ್ಲ. ಅದಿಲ್ಲದೆ ಕೋವಿ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಹಬ್ಬದ ಬೆಳಿಗ್ಗೆ ಪೊನ್ನಮ್ಮ ನನ್ನ ಮುಖ ನೋಡದೆ ಮಗಳ ಹತ್ತಿರ, "ಆ ನೀರಿನ ಪಿಸ್ತೂಲು ತಗೊಂಡು ಬಾ," ಎಂದಳು. ಪೇಪರ್ ಓದುತ್ತಿದ್ದ ಮಾವ ತಲೆಯೆತ್ತಿದರು.

"ಕೋವಿಗೆ ಬರ್ಲಿಕ್ಕೆ ಆಗುದಿಲ್ಲ ಅಂದ್ರೆ ನಾವೇ ಹೋಗುವ. ಅದರಲ್ಲಿ ಎಂಥ?"

ಹೋದೆವು. ಮದ್ದು ಇರುವ ಜಾಗ, ಬೆಂಕಿ ಕೂಡದು ಎಂದರು ಮಾಮಾ. ಬ್ಯಾಟರಿ ದೀಪ ಇಟ್ಟೆವು. ಕೋವಿ ಹಿಡಿಯುವಂತಿಲ್ಲ ಎಂದರು: "ನನ್ನ ಪರವಾನಗಿ, ನನ್ನ ಕೈ." ಹಾಗೆ ಹೇಳಿ ತಾವೇ ಅದನ್ನು ಎರಡೂ ಅಂಗೈಗಳ ಮೇಲೆ ಎತ್ತಿ ಹಿಡಿದು ನಿಂತರು. ಪೊನ್ನಮ್ಮ ಕಂಬಿಯೊಳಗೆ ಬೆರಳು ತೂರಿಸಿ ಗಂಧ ಹಚ್ಚಿದಳು. ಮಾವ ಹೊರಗೆ ಹೋಗಿ ಬಂದರು. ಬಂದಾಗ ಕೈಯಲ್ಲಿ ತೋಕ್‌ಪೂ. ಆ ಬಳ್ಳಿ ಈ ನೆಲದಲ್ಲೂ ತಾನಾಗಿ ಬೆಳೆಯುತ್ತದೆ ಎಂದು ಆಗ ಮಾಮಾ ಹೇಳಿದರೋ, ಆಮೇಲೆ ನಾನೇ ಎಲ್ಲೋ ಓದಿದೆನೋ. ಹಿಂದಿನ ಬೇಲಿ, ಅದರಾಚೆ ಸಿಂಹಗಳ ಕಾಡು, ಬೇಲಿಯ ಮೇಲೆ ಬೆಂಕಿಯಂಥ ಹೂವು: ಇಷ್ಟು ನನಗೆ ಕಾಣುತ್ತದೆ. ಆ ತಿಂಗಳಲ್ಲಿ ಇಲ್ಲಿ ಅದು ಅರಳುತ್ತದೆಯೇ ಎಂದು ಯಾರನ್ನೂ ಕೇಳಿಲ್ಲ. ಕೇಳಲು ಮನಸ್ಸಿಲ್ಲ.

ನಳಿಗೆಗೆ ಹೂ ಸಿಕ್ಕಿಸಿ ಮಾವ ಕೊಡವ ಮಾತಿನಲ್ಲಿ ಏನೋ ಹೇಳಿದರು. ಕೋವಿಯನ್ನು ಮನೆಯ ಯಜಮಾನನ ಕೈಗೆ ಕೊಡುವಾಗ ಹಿರಿಯರು ಹೇಳುವ ಮಾತಂತೆ. ಹೇಳಿದ್ದು ಕೋವಿ ಹಿಡಿದಿದ್ದ ಮಾಮಾ ವಂಜಿರು ಅವರಿಗೆ.

"ಏನಂತಾರೆ ಮ್ಜೇ, ನಿಮ್ಮ ಹಿರಿಯರು?" ಎಂದರು ಮಾಮಾ.

"ಮರ್ಯಾದೆಯಿಂದ ನೋಡ್ಕೊ ಅಂತಿದಾರೆ," ಎಂದಳು ಪೊನ್ನಮ್ಮ.

"ಮತ್ತೆ ಬಾಡಿಗೆ ತಗೊಳ್ಳೋದು ಯಾತಕ್ಕೆ?" ಎಂದು ಮಾಮಾ ನಕ್ಕರು. ಆದರೆ ಎತ್ತಿದ ಕೈ ಇಳಿಸಲಿಲ್ಲ. ಮಾವನೂ ತಲೆ ಬಗ್ಗಿಸಿಯೇ ಇದ್ದರು. ಬೀದಿಯ ಮಟಾಟು ವ್ಯಾನುಗಳ ಹಾರ್ನ್ ಕೂಡ ಸ್ವಲ್ಪ ಹೊತ್ತು ನಿಂತಿತ್ತು ಎಂದು ಬರೆಯುವ ಆಸೆ, ನಿಂತಿರಲಾರದು.

ಈಗ ಮಾವ ವಾರಕ್ಕೊಮ್ಮೆ ನನಗೇ ಫೋನ್ ಮಾಡುತ್ತಾರೆ. ನನ್ನ ಆರೋಗ್ಯ ಕೇಳುವುದಿಲ್ಲ. "ಕೋವಿ ಹೇಗುಂಟು?" ಎನ್ನುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಮಾರುವ ಮಾತೆತ್ತಿದರೆ ಪೊನ್ನಮ್ಮ ನನ್ನನ್ನೇ ಮಾರಿಬಿಡುವಂತೆ ನೋಡುತ್ತಾಳೆ. ಪರವಾನಗಿ ಇನ್ನೂ ಬಂದಿಲ್ಲ. ಅಂದು ಅವಳು ಗಂಧದ ನೆಪದಲ್ಲಿ ಅದನ್ನು ಮುಟ್ಟಿದಳು, ಮಾವ ಹೂವಿನ ನೆಪದಲ್ಲಿ, ಮಗಳು ನೆಪವೇ ಇಲ್ಲದೆ. ನಾನು ಆಗ ಪಕ್ಕದಲ್ಲಿ ನಿಂತು ಫೋನಿನಲ್ಲಿ ಫೀಸು ಕಟ್ಟುತ್ತಿದ್ದೆ. ಸಾಗಣೆಯ ಬಿಲ್ಲಿನಲ್ಲಿ ಅದರ ತೂಕ ಬರೆದಿದೆ. ಅದಕ್ಕೆ ತಕ್ಕ ಹಣವನ್ನೂ ಕೊಟ್ಟಿದ್ದೇನೆ. ಕೈಗೆ ಅದು ಎಷ್ಟು ಭಾರ ಎಂಬುದು ಮಾತ್ರ ನನಗೆ ಗೊತ್ತಿಲ್ಲ.