ಬಳೆ ಸದ್ದಿಗೆ ಬರುವ ಮೀನು

ಗೋವಿಂದ ಹೆಗಡೆ ಹುಟ್ಟಿದಾರಭ್ಯ ಮೀನು ಮುಟ್ಟಿದವನಲ್ಲ. ಮೀನುಪೇಟೆಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು ಸೈಕಲ್ ತುಳಿದವನು. ಅಂಥವನು ಭಾವನಿಂದ ಎರವಲು ತಂದ ಕಾರಿನಲ್ಲಿ ಆ ಸೋಮವಾರ ಬೆಳಿಗ್ಗೆ ಎರಡು ಜೀವಂತ ಮೀನು ಬಂದು ಕೂತವೆಂದರೆ, ಅದಕ್ಕೆ ಕಾರಣ ಶಿರಸಿ–ಸಿದ್ದಾಪುರದ ಬಸ್ಸು.

ಶಿರಸಿಯ ಮನೆಯಿಂದ ಸಿದ್ದಾಪುರದ ಕಚೇರಿಗೆ ಆರು ವರ್ಷ ಆ ಬಸ್ಸಿನಲ್ಲಿ ನೇತಾಡಿ ಅವನ ಸೊಂಟ ಯಾವತ್ತೋ ರಾಜೀನಾಮೆ ಕೊಟ್ಟಿತ್ತು. ಶಿರಸಿಗೆ ವರ್ಗ ಕೊಡಿ ಎಂದು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಅಷ್ಟರಲ್ಲಿ ಅವನ ಸಾಹೇಬರು ಚಂದ್ರಶೇಖರಪ್ಪನವರಿಗೇ ಬಡ್ತಿಯಾಗಿ ಯಲ್ಲಾಪುರಕ್ಕೆ ವರ್ಗವಾಯಿತು. ಮೂರೂ ತಾಲೂಕಿನ ಗುಮಾಸ್ತರ ಹಣೆಬರಹ ಅವರ ಪೆನ್ನಿನ ತುದಿಗೆ ಬಂತು. ಅವರ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಉಳಿದದ್ದು ಹೆಂಡತಿ ಶಾರದವ್ವ ಮಕ್ಕಳ ಹಾಗೆ ಸಾಕಿದ್ದ ಎರಡು ಬಂಗಾರದ ಬಣ್ಣದ ಮೀನು.

"ಹೆಗಡೇರ, ನಮ್ಮ ಜೀಪಿನ ಕುಲುಕಾಟಕ್ಕ ಮನಷ್ಯಾರ ಕರಳ ಬಾಯಿಗೆ ಬರ್ತಾವ, ಮೀನ ಉಳೀತಾವೇನ್ರಿ? ನಿಮ್ಮ ಭಾವನ ಅಂಬಾಸಿಡರಿನ್ಯಾಗ ನೀವ ತರ್ರಿ. ಇವು ಜೀವಂತ ಯಲ್ಲಾಪುರ ಮುಟ್ಟಿದ್ರ ನಿಮ್ಮ ಶಿರಸಿ ಆರ್ಡರಿಗೆ ಇವತ್ತ ಸಹಿ" ಎಂದರು ಸಾಹೇಬರು.

ಶಾರದವ್ವ ನೀರು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಬಿಟ್ಟು, ಬಾಯಿಗೆ ರಬ್ಬರು ಬಿಗಿದು, ಚೀಲವನ್ನು ಬಕೆಟ್ಟಿನಲ್ಲಿಟ್ಟರು. "ಬಾಯಿ ಬಿಚ್ಚಬ್ಯಾಡ್ರಿ. ಬಿಸಲಿಗೆ ಇಡಬ್ಯಾಡ್ರಿ. ತಿನ್ನಾಕ ಏನೂ ಹಾಕಬ್ಯಾಡ್ರಿ, ನಿನ್ನಿಂದ ಉಪಾಸ ಇಟ್ಟೇನಿ. ದಾರ್‍ಯಾಗ ತಿಂದ್ರ ನೀರು ಕೆಟ್ಟು ಸಾಯ್ತಾವ." ಆಮೇಲೆ ಬಗ್ಗಿ ಕೈಬಳೆ ಝಲ್ಲೆನಿಸಿದರು. ಎರಡೂ ಮೀನು ಮೂತಿ ಎತ್ತಿ ಅವರತ್ತ ಓಡಿಬಂದವು. "ನೋಡ್ರಿ, ನನ್ನ ಬಳಿ ಸಪ್ಪಳಕ್ಕ ಹೆಂಗ ಬರ್ತಾವ! ನಮ್ಮ ಮನಿಯವರ ಬರಂಗಿಲ್ಲ ಹಿಂಗ."

ಬಕೆಟ್ಟಿನ ಮೇಲೆ ಒದ್ದೆ ಗೋಣಿ ಹೊದಿಸಿಕೊಂಡು ಗೋವಿಂದ ಹೊರಟ. ಹೊಂಡ ಕಂಡಲ್ಲೆಲ್ಲ ಬಾಣಂತಿಯನ್ನು ಕರೆದೊಯ್ಯುವವನ ಹಾಗೆ ಕಾರು ನಡೆಸಿದ. ಶಿರಸಿಯಲ್ಲಿ ಚಾ ಕುಡಿಯಲು ಮನೆಯೆದುರು ಐದು ನಿಮಿಷ ನಿಲ್ಲಿಸಿದ್ದೇ ತಪ್ಪಾಯಿತು. ಯಾರದಾದರೂ ಕಾರು ಖಾಲಿ ಹೊರಟರೆ ಅದು ಆ ಕೇರಿಯ ಸಾರ್ವಜನಿಕ ಆಸ್ತಿ. ಚಾ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮತ್ತೆ ಉಪ್ಪಿನಕಾಯಿ ಭರಣಿ, ಬಾಳೆಗೊನೆ, ಅವಲಕ್ಕಿ ಚೀಲದ ಸಮೇತ ಬಾಗಿಲ ಬುಡದಲ್ಲಿ ನಿಂತಿದ್ದಳು.

"ತಮಾ, ಕಾರು ಯಲ್ಲಾಪುರಕ್ಕೆ ಖಾಲಿ ಹೋಗ್ತಡ! ಯನ್ನ ತಂಗಿ ಮನೆ ದಾರಿ ಮೇಲೇ ಇದ್ದು."

"ಖಾಲಿ ಇಲ್ಲೆ ಅತ್ತೆ, ಮೀನಿದ್ದು!"

"ಶಿವ ಶಿವಾ! ಸತ್ತದ್ದಾ?"

"ಜೀವ ಇದ್ದು."

"ಹಂಗಾರೆ ಅಡ್ಡಿಲ್ಲೆ" ಎಂದು ಅವಳು ಹಿಂದಿನ ಸೀಟಿನಲ್ಲಿ ಬಕೆಟ್ಟಿನ ಪಕ್ಕ ಕೂತೇಬಿಟ್ಟಳು.

ದಾರಿಯುದ್ದಕ್ಕೂ ಗೋಣಿ ಎತ್ತಿ ನೋಡಿದ್ದೇ ನೋಡಿದ್ದು. "ಬಾಯಿ ಬಾಯಿ ಬಿಡ್ತಾ ಇದ್ದಲೋ! ಎಂತ ತಿಂದಿದ್ದಿಲ್ಯಾ?"

"ಇಲ್ಲೆ, ಉಪಾಸ."

"ಸೋಮವಾರ ಹೇಳಿ ಮೀನಿಗೂ ಉಪಾಸವಾ? ಪಾಪ ಸುತ್ತಿಕೊಳ್ತು ನಿಂಗೆ!"

ಒಂದು ಶಿವನ ದೇವಸ್ಥಾನದ ಕೆರೆಯ ಹತ್ತಿರ ಬರುವಾಗ ಅಂಬಾಸಿಡರು ಹೊಗೆಯುಗುಳಿ ನಿಂತಿತು. "ಅತ್ತೆ, ಬಕೆಟ್ ಮುಟ್ಟಡ" ಎಂದು ಹೇಳಿ ಗೋವಿಂದ ರೇಡಿಯೇಟರಿಗೆ ನೀರು ತರಲು ಹತ್ತಿರದ ಮನೆಗೆ ಓಡಿದ. ಆದರೆ ಈ ಸೀಮೆಯಲ್ಲಿ ನೀರು ಕೇಳಿ ಬಂದವನಿಗೆ ಬರೀ ನೀರು ಕೊಟ್ಟು ಕಳಿಸುವ ಪದ್ಧತಿ ಇಲ್ಲ. ಮಜ್ಜಿಗೆಯಾಯಿತು, ಬೆಲ್ಲವಾಯಿತು, ಯಾವೂರು, ಯಾರ ಮಗ ಎಂಬ ವಿಚಾರಣೆಯಾಯಿತು. ಕೊನೆಗೆ ಯಜಮಾನರಿಗೂ ಅವನಿಗೂ ದೂರದ ನೆಂಟಸ್ತಿಕೆ ಸಿಕ್ಕಿ, ಬಾಳೆಹಣ್ಣು ತಿನ್ನದೆ ಏಳುವ ಹಾಗಾಗಲಿಲ್ಲ.

ಅವನು ಕೊಡ ಹೊತ್ತು ವಾಪಸ್ಸು ಬಂದಾಗ ಲಕ್ಷ್ಮತ್ತೆ ಕೆರೆಯ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಕೈಯಲ್ಲಿ ಖಾಲಿ ಬಕೆಟ್ಟು.

"ಹಸಿದಿದ್ದು ಹೇಳಿ ಚೀಲದ ಬಾಯಿ ಬಿಚ್ಚಿ ಒಂದು ಮುಷ್ಟಿ ಅವಲಕ್ಕಿ ಹಾಕಿದಿ ತಮಾ. ನೀರೆಲ್ಲ ಗಂಜಿಯಾಗಿ ಮೀನು ಮಗುಚಿಬಿತ್ತು. ಸತ್ತೋಗ್ತಿತ್ತು! ದೇವರ ಕೆರೆಗೆ ಬಿಟ್ಟಿಕ್ಕಿ ಬಂದಿ. ಈಗ ನೋಡು, ಎಷ್ಟು ಚೊಲೋ ಈಜ್ತಾ ಇದ್ದು."

ಗೋವಿಂದ ಕೊಡ ಕೆಳಗೆ ಕುಕ್ಕಿದ. "ಅತ್ತೇ! ಅದು ಯನ್ನ ವರ್ಗಾವಣೆ! ಹಿಡಿಯವು ಅದನ್ನ!"

"ಹುಚ್ಚನಾ ನೀನು? ದೇವರ ಕೆರೆ ಮೀನಿಗೆ ಕೈ ಹಾಕಿರೆ ಊರಿನವು ಬಿಡ್ತ್ವಾ?" ಎಂದವಳೇ ಬಾಳೆಗೊನೆ ಎತ್ತಿಕೊಂಡು, ಕೂಗಳತೆಯಲ್ಲಿದ್ದ ತಂಗಿಯ ಮನೆಗೆ ನಡೆದಳು.

ಅಳುವುದೊಂದು ಬಾಕಿ. ಗೋವಿಂದ ರೇಡಿಯೇಟರಿಗೆ ನೀರು ಹೊಯ್ದು, ಕಾರು ತಿರುಗಿಸಿ ಶಿರಸಿಗೆ ಹಾರಿಸಿದ. ಬಸ್ ಸ್ಟ್ಯಾಂಡ್ ಹತ್ತಿರದ ಬಣ್ಣದ ಮೀನಿನ ಅಂಗಡಿಯಲ್ಲಿ ಅದೇ ಬಣ್ಣ, ಅದೇ ಗಾತ್ರದ ಎರಡು ಮೀನು ಕಟ್ಟಿಸಿಕೊಂಡು, ಈ ಸಲ ಯಾರಿಗೂ ಕಾರು ನಿಲ್ಲಿಸದೆ ಯಲ್ಲಾಪುರ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ.

ಶಾರದವ್ವ ಬಳೆ ಝಲ್ಲೆನಿಸಿದರು. ಹೊಸ ಮೀನುಗಳು ಬಕೆಟ್ಟಿನ ಆಚೆ ಗೋಡೆ ನೋಡುತ್ತ ನಿಂತವು.

"ಯಾಕ್ರೀ ಹೆಗಡೇರ, ಬರವಲ್ವು?"

"ಅಂಬಾಸಿಡರಿನ ಗದ್ದಲಕ್ಕೆ ಕಿವಿ ಕಟ್ಟಿರಬೇಕು ಅಮ್ಮ. ನನಗೂ ಸರಿ ಕೇಳ್ತಾ ಇಲ್ಲ."

"ಅಯ್ಯ ಪಾಪ" ಎಂದರು ಆ ಸಾಧ್ವಿ. ಸಾಹೇಬರು ಟೈಪಾಗಿದ್ದ ಆರ್ಡರ್ ತೆಗೆದರು. 'ಶಿರಸಿ' ಎಂಬ ಅಕ್ಷರಗಳನ್ನು ಗೋವಿಂದ ಕಣ್ಣಾರೆ ಕಂಡ. ಸಾಹೇಬರು ಪೆನ್ನಿನ ಮುಚ್ಚಳವನ್ನೂ ತೆಗೆದರು.

"ತಡೀರಿ!" ಎಂದರು ಶಾರದವ್ವ. "ಮೊದಲ ಹರಕಿ. ಇವರಿಗೆ ಬಡ್ತಿ ಆದ್ರ, ಹೊಸಾ ಮನಿ ಹೊಸ್ತಲಾ ದಾಟಿಸಿ, ಈ ಮೀನಾ ಶಿವನ ಕೆರಿಗೆ ಬಿಡ್ತೇನಿ ಅಂತ ಬೇಡ್ಕೊಂಡೇನಿ. ಇವತ್ತ ಸೋಮವಾರ ಐತಿ. ಹೆಗಡೇರ, ಬಕೇಟು ನಿಮ್ಮ ಕಾರಿನ್ಯಾಗ ಇರ್ಲಿ, ನಾವು ಜೀಪಿನ್ಯಾಗ ಬರ್ತೇವಿ."

"ಯಾವ... ಯಾವ ಕೆರೆ ಅಮ್ಮ?"

ಯಾವ ಕೆರೆ ಎಂದು ಬೇರೆ ಹೇಳಬೇಕೆ? ಬೆಳಿಗ್ಗೆ ಪುಕ್ಕಟೆಯಾಗಿ ತೀರಿದ್ದ ಹರಕೆಯನ್ನು ಮತ್ತೊಮ್ಮೆ ತೀರಿಸಲು ಗೋವಿಂದ ಅದೇ ಹೊಂಡಗಳ ಮೇಲೆ ಅಂಬಾಸಿಡರು ಹತ್ತಿಸಿದ. ಕೆರೆಯ ಕಪ್ಪು ಮೀನುಗಳ ಗುಂಪಿನಲ್ಲಿ ಬೆಳಗಿನ ಆ ಎರಡು ಎಲ್ಲಾದರೂ ಕೆಸರಿನಲ್ಲಿ ಮಲಗಿರಲಪ್ಪಾ ಎಂದು ದಾರಿಯುದ್ದಕ್ಕೂ ಶಿವನಿಗೆ ಇನ್ನೊಂದು ಹರಕೆ ಹೊತ್ತ.

ಭಟ್ಟರು ಮಂಗಳಾರತಿ ಮಾಡಿದರು. ಶಾರದವ್ವ ಮೆಟ್ಟಿಲಿಳಿದು ಬಕೆಟ್ಟಿಗೆ ಕೈಹಾಕಿದರು. ಬಳೆಗಳು ಝಲ್ಲೆಂದವು. ಅಷ್ಟೆ! ಕೆರೆಯ ಆಚೆ ದಡದಿಂದ ಎರಡು ಬಂಗಾರದ ಗೆರೆ ನೀರು ಸೀಳಿಕೊಂಡು ಬಂದು, ಅವರ ಕೈಯ ಬುಡದಲ್ಲೇ ಮೂತಿ ಎತ್ತಿ ನಿಂತವು.

"ನನ್ನ ಮೀನಾ!" ಶಾರದವ್ವ ಚೀರಿದರು. "ನಾ ಬಿಡೂಕಿಂತ ಮೊದಲ ಶಿವಾ ತಗೊಂಡಾನ!" ಭಟ್ಟರು "ಹರ ಹರ" ಎಂದು ಅಡ್ಡಬಿದ್ದರು. ಸಾಹೇಬರು ಅಡ್ಡಬೀಳಲಿಲ್ಲ. ಬಕೆಟ್ಟಿನೊಳಗೆ ನೋಡಿದರು, ಎರಡು. ಕೆರೆಯೊಳಗೆ ನೋಡಿದರು, ಎರಡು. ಆಮೇಲೆ ಗೋವಿಂದನನ್ನು ನೋಡತೊಡಗಿದರು.

ಗದ್ದಲ ಕೇಳಿ ಲಕ್ಷ್ಮತ್ತೆ ತಂಗಿಯ ಮನೆಯಿಂದ ಓಡಿ ಬಂದಳು. ಗೋವಿಂದ ಕಣ್ಣಲ್ಲೇ ಕೈಮುಗಿದ. ಅವಳು ಬಕೆಟ್ಟನ್ನೊಮ್ಮೆ, ಕೆರೆಯನ್ನೊಮ್ಮೆ ನೋಡಿ ಗಲ್ಲ ಗಲ್ಲ ಬಡಿದುಕೊಂಡಳು.

"ಎಂತಾ ಮಹಿಮೆ! ಬೆಳಗ್ಗೆ ಈ ಗೋವಿಂದನ ಕಾರಿಂದ ತೆಗೆದು ಆನೇ ಯನ್ನ ಕೈಯಾರೆ ಕೆರೆಗೆ ಬಿಟ್ಟ ಮೀನು. ಈಗ ಬಕೆಟಲ್ಲೂ ಹುಟ್ಟಿಕೊಂಡಿದ್ದು ನೋಡಿ!"

ಶಾರದವ್ವನಿಗೆ ಆ ಹೊತ್ತಿನಲ್ಲಿ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. "ಹಂಗಾರ ಬಕೇಟಿನ್ಯಾಗಿನ್ವು ದೇವರು ಕೊಟ್ಟ ಪ್ರಸಾದ. ವಾಪಸ್ ಮನಿಗೆ ಒಯ್ಯೂಣು. ಹೆಗಡೇರ, ಕಾರು ತಿರಗಸ್ರಿ" ಎಂದರು.

ಸಾಹೇಬರಿಗೆ ಮಾತ್ರ ಪ್ರತಿ ಅಕ್ಷರವೂ ಕೇಳಿತ್ತು. ಅವರು ಜೇಬಿನಿಂದ ಆರ್ಡರ್ ತೆಗೆದು, ಗೋವಿಂದನ ಬಗ್ಗಿದ ಬೆನ್ನನ್ನೇ ಮೇಜು ಮಾಡಿಕೊಂಡು, 'ಶಿರಸಿ'ಯನ್ನು ಹೊಡೆದುಹಾಕಿ ಏನೋ ಬರೆದು ಸಹಿ ಮಾಡಿದರು.

"ಬರ್ರಿ ಹೆಗಡೇರ, ಯಲ್ಲಾಪುರಕ್ಕ ಬರ್ರಿ. ನಿಮ್ಮಂಥಾ ಮಹಿಮಾ ಪುರುಷರು ನನ್ನ ಕಣ್ಣ ಮುಂದ ಇರಬೇಕು."

ಯಲ್ಲಾಪುರದ ಬಸ್ಸು ಸಿದ್ದಾಪುರದ ಬಸ್ಸಿಗಿಂತ ಹೆಚ್ಚು ದೂರ ಕುಲುಕುತ್ತದೆ. ಗೋವಿಂದ ಸೊಂಟ ಹಿಡಿದುಕೊಂಡು ಕಾರಿನ ಬಾಗಿಲು ತೆಗೆದ. ಲಕ್ಷ್ಮತ್ತೆ ಆಗಲೇ ಹಿಂದಿನ ಸೀಟಿನಲ್ಲಿ ಬಕೆಟ್ಟು ತಬ್ಬಿಕೊಂಡು ಕೂತಿದ್ದಳು.

"ನಡಿ ತಮಾ, ಯಲ್ಲಾಪುರ ನೋಡಿಕೊಂಡು ನಿನ್ನ ಜೊತೆಗೇ ಶಿರಸಿಗೆ ಬತ್ತೆ. ಹೆದರಡ, ಅವಲಕ್ಕಿ ಇನ್ನೂ ಉಳಿದಿದ್ದು."