ಚನ್ನಕೇಶವನ ಹಿಂದಿನ ಗೋಡೆ

ಆಫ್ರಿಕಾದ ಸಿಂಹ ಉದ್ದನಪಲ್ಲಿಯ ನಡುಮನೆಗೆ ಬಂದದ್ದರಿಂದ ಮೊದಲು ಪೆಟ್ಟು ತಿಂದದ್ದು ಶಶಿಕಲಾಳ ಒಗ್ಗರಣೆ. ಸಂಜೆ ಏಳರಿಂದ ಎಂಟರವರೆಗೆ ಸಾಸಿವೆ ಸಿಡಿಯಕೂಡದು, ಮಿಕ್ಸಿ ತಿರುಗಕೂಡದು, ಕುಕ್ಕರ್ ಕೂಗಕೂಡದು. ಆ ಒಂದು ಗಂಟೆ ಆಕೆಯ ಗಂಡ ಚನ್ನಕೇಶವ ಲ್ಯಾಪ್‌ಟಾಪಿನ ಮುಂದೆ ಕೂತು, ಹೈಸ್ಕೂಲು ಮಕ್ಕಳಿಗೆ ವನ್ಯಜೀವಿ ಮತ್ತು ಪರಿಸರ ವ್ಯವಸ್ಥೆಯ ಪಾಠ ಹೇಳುತ್ತಿದ್ದ.

"ನಿಮ್ ಸಿಂಹ ಜಿಂಕೆ ತಿನ್ನೋವಷ್ಟರಲ್ಲಿ ನನ್ ಸಾರು ಹಳಸೋಗ್ತದೆ ಕಣ್ರೀ!"

"ಮ್ಯೂಟ್, ಶಶಿ, ಮ್ಯೂಟ್!" (ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಷ್ಟು ಹೇಳುವ ಧೈರ್ಯ ಆತನಿಗೆ ಬಂದದ್ದು ಈಗಲೇ.)

ಪಾಪ, ಆತನದೂ ತಪ್ಪಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹೊಸೂರಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಬೋಲ್ಟುಗಳ ಗುಣಮಟ್ಟ ಪರೀಕ್ಷಿಸುತ್ತಿದ್ದ ಜೀವ ಅದು. ಬೋಲ್ಟಿಗೆ ಬಾಲವಿಲ್ಲ, ನಟ್ಟು ಮರಿ ಹಾಕುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಆನ್‌ಲೈನ್ ತರಗತಿ ನಡೆಸುವ ಟ್ರಸ್ಟೊಂದು ಮೂರು ತಿಂಗಳ ಮಟ್ಟಿಗೆ ಕರೆದಾಗ ಆತ ಕುಣಿದೇಬಿಟ್ಟಿದ್ದ. ಮಕ್ಕಳು ಉಳಿದರೆ ತರಗತಿ ಉಳಿಯುತ್ತದೆ. ಇಲ್ಲವಾದರೆ ಮತ್ತೆ ಬರೀ ಬೋಲ್ಟೇ ಗತಿ.

ಮೊದಲ ವಾರ ಐವತ್ತೈದು ಮಕ್ಕಳಿದ್ದರು. ಎರಡನೆಯ ವಾರ ಹನ್ನೊಂದು. ಆನೆಗಳ ಸಂಚಾರಪಥವನ್ನು ಆತ ಮೇಘಗಂಭೀರ ಧ್ವನಿಯಲ್ಲಿ ವರ್ಣಿಸುತ್ತಿದ್ದಾಗ ಜವಳಗಿರಿಯ ಹರ್ಷಿತಾ ಎಂಬ ಹುಡುಗಿ ಆಕಳಿಸಿ, "ಸಾರ್, ನಿನ್ನೆ ನಮ್ ರಾಗಿ ಹೊಲ ತುಳ್ದಾಕಿ ಹೋಗ್ಬುಡ್ತು ಸಾರ್ ಅದು" ಅಂದಳು. ಚನ್ನಕೇಶವ ಎಲ್ಲರನ್ನೂ ಮ್ಯೂಟ್ ಮಾಡಿ ಸೀದಾ ಆಫ್ರಿಕಾಕ್ಕೆ ಹೊರಟುಹೋದ.

ಆಮೇಲೆ ನಡೆದದ್ದು ಪವಾಡ! ಬಿಟ್ಟುಹೋದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮರಳಿ ಬಂದರು. ಮುಚ್ಚಿದ್ದ ಕ್ಯಾಮೆರಾಗಳು ತೆರೆದುಕೊಂಡವು. ಸಿಂಹಿಣಿ ಮೆಲ್ಲಗೆ ಹೆಜ್ಜೆ ಇಟ್ಟಿತು ಎಂದರೆ ಐವತ್ತೈದು ಮುಖಗಳೂ ಮುಂದಕ್ಕೆ ಬಾಗುತ್ತಿದ್ದವು. ಒಮ್ಮೊಮ್ಮೆ ಸಿಂಹಿಣಿ ಮಲಗಿದ್ದಾಗಲೂ ಬಾಯಿ ಬಿಡುತ್ತಿದ್ದವು. ಅದೂ ತನ್ನ ವರ್ಣನಾ ಸಾಮರ್ಥ್ಯವೇ ಎಂದುಕೊಂಡ ಚನ್ನಕೇಶವ.

"ನೋಡ್ದ್ಯಾ ಶಶಿ? ಇದನ್ನ ವಾಗ್ಝರಿ ಅಂತಾರೆ."

"ಉಪ್ಪು ತನ್ನಿ ಅಂದಾಗ ಮಾತ್ರ ಆ ಝರಿ ಬತ್ತೋಗ್ತದೆ."

ಹೀಗಿರುವಾಗ ಟ್ರಸ್ಟಿನ ಮೇಲ್ವಿಚಾರಕ ಕುಮಾರೇಶ್ ಫೋನ್ ಮಾಡಿದ. "ಸಾರ್, ಶುಕ್ರವಾರ ಪೆರಿಯ ಮೇಡಂ, ಅದೇ ನಮ್ ಟ್ರಸ್ಟಿನ ದೊಡ್ಡ ಮೇಡಂ, ನಿಮ್ ಕ್ಲಾಸ್ ನೋಡೋಕೆ ಬರ್ತಾರೆ. ಅವ್ರು ಸರಿ ಅಂದ್ರೆ ಪೂರಾ ವರ್ಷ. ಇಲ್ಲಾಂದ್ರೆ ಅವ್ವಳವುದಾನ್ ಸಾರ್, ಅಷ್ಟೇ, ಕ್ಲೋಸ್."

ಚನ್ನಕೇಶವ ಫೋನಿಟ್ಟವನೇ ಸಿಂಹಿಣಿಯ ಪಾಠವನ್ನು ಮೊದಲಿನಿಂದ ಬಾಯಿಪಾಠ ಮಾಡತೊಡಗಿದ. ಶಶಿಕಲಾಳಿಗೂ ಚಿಂತೆ ಹತ್ತಿತು. ಹದಿನೆಂಟು ವರ್ಷ ಸಪ್ಪೆ ಮುಖ ಹೊತ್ತು ಬಸ್ಸಿಳಿಯುತ್ತಿದ್ದ ಗಂಡ ಈಚೆಗೆ ಶಿಳ್ಳೆ ಹಾಕಿಕೊಂಡು ಬರುತ್ತಿದ್ದ. ಬಾಯಲ್ಲಿ ಏನೇ ಅಂದರೂ ಆ ಶಿಳ್ಳೆ ಕೇಳಿದರೆ ಆಕೆಗೆ ಖುಷಿಯಾಗುತ್ತಿತ್ತು. ಅದು ನಿಂತುಹೋಗಬಾರದು ಎಂದು ಶುಕ್ರವಾರ ಮಧ್ಯಾಹ್ನ ಸೆರಗು ಕಟ್ಟಿ ನಿಂತಳು. ಗಂಡ ಕೂರುವ ಜಾಗದ ಹಿಂದಿನ ಗೋಡೆಯನ್ನು ಗುಡಿಸಿ, ಜೇಡರಬಲೆ ತೆಗೆದು, ಟ್ಯೂಬ್‌ಲೈಟು ಒರೆಸಿ, ಕಿಟಕಿ ಭದ್ರ ಮಾಡಿ, ದೊಡ್ಡದೊಂದು ಹುಲಿಯ ಚಿತ್ರ ನೇತುಹಾಕಿದಳು.

ಏಳು ಗಂಟೆಗೆ ಪೆರಿಯ ಮೇಡಂ ಕನ್ನಡಕ ಸರಿಪಡಿಸಿಕೊಂಡು ಪರದೆಯ ಮೂಲೆಯಲ್ಲಿ ಕೂತರು. ಚನ್ನಕೇಶವ ಗಂಟಲು ಸರಿಮಾಡಿಕೊಂಡು ಸಿಂಹಿಣಿಯನ್ನು ಹೊರಡಿಸಿದ. ಯಾರೂ ಮುಂದಕ್ಕೆ ಬಾಗಲಿಲ್ಲ. ಸಿಂಹಿಣಿ ಹಾರಿತು. ಯಾರೂ ಬಾಯಿ ಬಿಡಲಿಲ್ಲ. ಬದಲಿಗೆ ಐವತ್ತೈದು ಕೈಗಳು ಮೇಲೆದ್ದವು.

"ಮಕ್ಕಳಿಗೇನೋ ಕೇಳಬೇಕಂತೆ. ಮ್ಯೂಟ್ ತೆಗೀರಿ," ಎಂದರು ಮೇಡಂ.

"ಸಾರ್, ಉದ್ದಣ್ಣ ಎಲ್ಲಿ ಸಾರ್?" ಎಂದಳು ಹರ್ಷಿತಾ.

"ಯಾವ ಉದ್ದಣ್ಣನಮ್ಮ?"

"ನಿಮ್ ಹಿಂದಿನ್ ಗೋಡೆ ಮೇಲಿನ ಹಲ್ಲಿ ಸಾರ್! ನಿಮ್ಮೂರು ಉದ್ದನಪಲ್ಲಿ, ತಮಿಳ್ನಲ್ಲಿ ಪಲ್ಲಿ ಅಂದ್ರೆ ಹಲ್ಲಿ. ಅದ್ಕೇ ಉದ್ದಣ್ಣ ಅಂತ ಹೆಸ್ರಿಟ್ವಿ."

ಒಂದೊಂದಾಗಿ ನೋಟ್‌ಪುಸ್ತಕಗಳು ಕ್ಯಾಮೆರಾದ ಮುಂದೆ ಬಂದವು. ಉದ್ದಣ್ಣ ಯಾವ ದಿನ ಎಷ್ಟು ಪತಂಗ ಹಿಡಿದ, ಎಡಮೂಲೆಯ ಜೇಡಕ್ಕೂ ಅವನಿಗೂ ಯಾವ ಹುಳಕ್ಕಾಗಿ ಜಗಳ, ಉದುರಿದ ಬಾಲ ಎಷ್ಟು ದಿನದಲ್ಲಿ ಎಷ್ಟು ಚಿಗುರಿತು, ಎಲ್ಲವೂ ಚಿತ್ರಸಮೇತ! ಮಕ್ಕಳು ಪರದೆಯ ಮೇಲೆ ಸಿಂಹದ ಚಿತ್ರವನ್ನು ಚಿಕ್ಕದು ಮಾಡಿ, ಮೇಷ್ಟ್ರ ಹಿಂದಿನ ಗೋಡೆಯನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. ಅಂದರೆ ಆ ಬಿಟ್ಟ ಬಾಯಿಗಳು ವಾಗ್ಝರಿಗಲ್ಲ. ಚನ್ನಕೇಶವನಿಗೆ ಭೂಮಿ ಬಾಯ್ದೆರೆದು ನುಂಗಬಾರದೇ ಅನ್ನಿಸಿತು.

"ಎಲ್ಲಿ, ಉದ್ದಣ್ಣನ್ನ ನಾನೂ ನೋಡ್ತೀನಿ," ಎಂದು ಮೇಡಂ ಮುಂದಕ್ಕೆ ಬಾಗಿದರು.

"ಶಶೀ!"

ಬಾಗಿಲ ಮರೆಯಿಂದ ಪೊರಕೆ ಮೊದಲು ಬಂತು, ಆಮೇಲೆ ಶಶಿಕಲಾ. "ಓಡಿಸ್ಬುಟ್ಟೆ ಕಣ್ರೀ. ನಿಮ್ ಮಾನ ಉಳೀಲಿ ಅಂತ..." ಆಕೆಯ ಕಣ್ಣಲ್ಲಿ ನೀರು.

"ಅಳ್ಬೇಡಿ ಅಕ್ಕಾ," ಎಂದಳು ಹರ್ಷಿತಾ. "ಕಿಟ್ಕಿ ತೆಗೀರಿ. ಲೈಟಿಗೆ ಹುಳ ಬತ್ತವೆ, ಹುಳದ ಹಿಂದೆ ಉದ್ದಣ್ಣ ಬತ್ತಾನೆ. ಅದೇ ಅಲ್ವಾ ಸಾರ್, ನೀವ್ ಹೇಳಿದ್ ಆಹಾರ ಸರಪಳಿ?"

ಸದ್ಯ, ಒಂದು ಪದವಾದರೂ ಮಕ್ಕಳ ಕಿವಿಗೆ ಬಿದ್ದಿತ್ತಲ್ಲ! ಚನ್ನಕೇಶವ ತಾನೇ ಎದ್ದು ಕಿಟಕಿ ತೆರೆದ. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಯ ಐವತ್ತೈದು ಮಕ್ಕಳು ಉಸಿರು ಬಿಗಿಹಿಡಿದು ಕಾದರು. ಒಂದು ಪತಂಗ ಬಂತು, ಇನ್ನೊಂದು ಬಂತು. ಹತ್ತು ನಿಮಿಷಕ್ಕೆ ಹುಲಿಯ ಚಿತ್ರದ ಹಿಂದಿನಿಂದ, ಸರಿಯಾಗಿ ಹುಲಿಯ ಕಿವಿಯ ಪಕ್ಕದಲ್ಲಿ, ಒಂದು ಪುಟ್ಟ ತಲೆ ಇಣುಕಿತು. ಮಕ್ಕಳು ಹೋ ಎಂದು ಕಿರುಚಿದರು. ಮೇಡಮ್ಮೂ ಕಿರುಚಿದರು.

"ಕ್ಲಾಸು ಇಡೀ ವರ್ಷ ನಡೀಲಿ," ಎಂದರು ಅವರು. "ಒಂದೇ ಷರತ್ತು. ಮೇಷ್ಟ್ರು ಸ್ವಲ್ಪ ಪಕ್ಕಕ್ಕೆ ಕೂರಬೇಕು. ಅಡ್ಡ ಬರ್ತೀರಿ."

ಚನ್ನಕೇಶವ ಕುರ್ಚಿ ಸರಿಸಿಕೊಂಡ. ಆದರೂ ಅಳಿದುಳಿದ ಮಾನವನ್ನು ಕೂಡಿಸಿಕೊಳ್ಳಲು ಹೆಂಡತಿಯ ಕಡೆ ತಿರುಗಿ, "ಏನೇ ಆಗ್ಲಿ, ಪಾಠ ಹೇಳಿದ್ದು ನಾನೇ ತಾನೆ?" ಅಂದ.

"ನೀವಾ? ಪಾಠ ಹೇಳಿದ್ದು ಆ ಹಲ್ಲಿ. ನೀವು ಬರೀ ಸದ್ದು ಮಾಡಿದ್ರಿ," ಎಂದಳು ಶಶಿಕಲಾ.

"ಲೊಚ್, ಲೊಚ್, ಲೊಚ್!" ಎಂದ ಉದ್ದಣ್ಣ.

"ಸತ್ಯ! ಸತ್ಯ!" ಎಂದು ಐವತ್ತೈದು ಮಕ್ಕಳೂ ಬೆರಳಿನಿಂದ ಟಕಟಕ ಕುಟ್ಟಿದರು. ಹಲ್ಲಿ ನುಡಿದಾಗ ಕುಟ್ಟುವುದು ಚಿಕ್ಕಂದಿನ ಅಭ್ಯಾಸ ನೋಡಿ, ಚನ್ನಕೇಶವನ ಬೆರಳೂ ಮೇಜು ಕುಟ್ಟಿಬಿಟ್ಟಿತ್ತು.